ಅಂಚೆಯಲ್ಲಿ ಬಾರದ ಲ್ಯಾಬು

1969ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಅಂಚೆಯ ಮೂಲಕ ಪಾಠ ಹೇಳುವ ಸಂಸ್ಥೆಯೊಂದನ್ನು ತೆರೆಯಿತು. ಕಾಗದಪತ್ರಗಳಲ್ಲಿ ಅದು ಅಂಚೆ ಮತ್ತು ನಿರಂತರ ಶಿಕ್ಷಣ ಸಂಸ್ಥೆ. ಜನರ ಬಾಯಲ್ಲಿ ಬರೀ ‘ಕರೆಸ್ಪಾಂಡೆನ್ಸ್’. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬರಲು ಇನ್ನೂ ನಾಲ್ಕು ವರ್ಷವಿತ್ತು. ಹೊಳಲ್ಕೆರೆ ತಾಲ್ಲೂಕಿನ ಹೊರಕೆರೆದೇವರಪುರಕ್ಕೂ ಮೈಸೂರಿಗೂ ನಡುವೆ ಹೆಚ್ಚುಕಡಿಮೆ ಇನ್ನೂರು ಕಿಲೋಮೀಟರಿನ ಅಂತರ. ರೈಲು ಹಿಡಿಯುವುದಾದರೆ ಬೀರೂರು, ಅರಸೀಕೆರೆ ದಾಟಿ ಹೋಗಬೇಕು. ಆ ಊರಿನಲ್ಲಿ ಹೈಸ್ಕೂಲು ಮುಗಿಸಿ, ತೋಟಕ್ಕೆ ನೀರು ಬಿಡುತ್ತಲೋ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳುತ್ತಲೋ ಇದ್ದವರಿಗೆ ವಿಶ್ವವಿದ್ಯಾನಿಲಯವು ಮೊದಲ ಬಾರಿಗೆ ಒಂದು ಕಟ್ಟಿನ ರೂಪದಲ್ಲಿ ಮನೆ ಬಾಗಿಲಿಗೆ ಬಂದಿತು. ಇದು ಸಣ್ಣ ಸಂಗತಿಯಲ್ಲ. ಐವತ್ತೈದು ವರ್ಷಗಳ ನಂತರ ಅದೇ ಊರಿನ ಹುಡುಗಿಯೊಬ್ಬಳು ದೂರಶಿಕ್ಷಣದಲ್ಲಿ ಬಿಸಿಎ, ಎಂಸಿಎ ಸೇರಿ, ಬ್ಯಾಂಕು, ಆಸ್ಪತ್ರೆ, ಸರ್ಕಾರಿ ಕಚೇರಿಗಳನ್ನು ನಡೆಸುವ ವೆಬ್ ಅಪ್ಲಿಕೇಶನ್‌ಗಳನ್ನು ಕಟ್ಟುವುದು ಹೇಗೆಂದು ಕಲಿಯಬಹುದು ಎಂದು ನಾವು ಹೇಳುತ್ತೇವೆ. ಕಾಗದದ ಮೇಲೆ ಅದು ನಿಜ. ಆದರೆ ಈ ಅರ್ಧ ಶತಮಾನದ ಚರಿತ್ರೆಯನ್ನು ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಕಾಣುವುದೇ ಬೇರೆ. ದೂರಶಿಕ್ಷಣದ ಹಣೆಬರಹವನ್ನು ಬರೆದದ್ದು ಕಲಿಯುವವರ ಊರಿನ ಆಸುಪಾಸು. ಅಲ್ಲಿ ಕೈಗೆಟುಕುವಂತೆ ಏನಿತ್ತೋ ಅಷ್ಟರಮಟ್ಟಿಗೆ ಅದು ಫಲಿಸಿತು. ಕಂಪ್ಯೂಟರಿನ ವಿಷಯದಲ್ಲಿ ಆ ಆಸುಪಾಸನ್ನು ಕಟ್ಟುವ ಹೊಣೆಯನ್ನು ಯಾವ ವಿಶ್ವವಿದ್ಯಾನಿಲಯವೂ ಪೂರ್ತಿಯಾಗಿ ಹೊರಲಿಲ್ಲ.

ಈ ಮಾತಿಗೆ ಮೊದಲ ಸಾಕ್ಷಿ 1969ಕ್ಕಿಂತ ಹಿಂದಿನದು. ಮೈಸೂರು ವಿಶ್ವವಿದ್ಯಾನಿಲಯ 1930ರ ದಶಕದಲ್ಲೇ ಪ್ರಚಾರೋಪನ್ಯಾಸಗಳನ್ನು ಏರ್ಪಡಿಸುತ್ತಿತ್ತು. ಅಧ್ಯಾಪಕರು ಹಳ್ಳಿ, ಪಟ್ಟಣಗಳಿಗೆ ಹೋಗಿ ವಿಜ್ಞಾನ, ಚರಿತ್ರೆ, ಆರೋಗ್ಯ, ಸಾಹಿತ್ಯದ ಬಗ್ಗೆ ಕನ್ನಡದಲ್ಲಿ ಮಾತಾಡುತ್ತಿದ್ದರು. ಆಮೇಲೆ ಆ ಉಪನ್ಯಾಸಗಳು ಕೆಲವೇ ಆಣೆ ಬೆಲೆಯ ಪುಟ್ಟ ಪುಸ್ತಕಗಳಾಗಿ ಅಚ್ಚಾಗುತ್ತಿದ್ದವು. ಯಾವ ಪರೀಕ್ಷೆಯೂ ಇರಲಿಲ್ಲ, ಪದವಿಯೂ ಇರಲಿಲ್ಲ. ಆದರೂ ಅದರಲ್ಲಿ ಒಂದು ವಿವೇಕವಿತ್ತು: ಪುಸ್ತಕಕ್ಕಿಂತ ಮುಂಚೆ ಮನುಷ್ಯ ಊರಿಗೆ ಬರುತ್ತಿದ್ದ, ಕೇಳಿದ ಪ್ರಶ್ನೆಗೆ ಅಲ್ಲೇ ನಿಂತು ಉತ್ತರ ಕೊಡುತ್ತಿದ್ದ. ಸ್ವಾತಂತ್ರ್ಯ ಬಂದ ಮೇಲೆ ಕಲಿಯಬೇಕೆನ್ನುವವರ ಸಂಖ್ಯೆ ಏರಿತು, ಕಾಲೇಜುಗಳು ಸಾಲದಾದವು. ದೆಹಲಿ ವಿಶ್ವವಿದ್ಯಾನಿಲಯ 1962ರಲ್ಲಿ ದೇಶದ ಮೊದಲ ಅಂಚೆ ಶಿಕ್ಷಣವನ್ನು ಆರಂಭಿಸಿತು. 1964ರಿಂದ 66ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗ ಅದನ್ನು ವಿಸ್ತರಿಸಲು ಹೇಳಿತು. ಮೈಸೂರಿನ ಸಂಸ್ಥೆ ಹುಟ್ಟಿದ್ದು ಆ ಗಾಳಿಯಲ್ಲಿ. ಗಾಳಿ ಒಳ್ಳೆಯದೇ. ಆದರೆ ಪ್ರಚಾರೋಪನ್ಯಾಸದ ಕ್ರಮ ಇಲ್ಲಿ ತಲೆಕೆಳಗಾಯಿತು: ಪುಸ್ತಕ ಊರಿಗೆ ಬಂದಿತು, ಮೇಷ್ಟ್ರು ಮೈಸೂರಿನಲ್ಲೇ ಉಳಿದರು, ಅವರನ್ನು ಕಾಣಬೇಕಾದರೆ ಸಂಪರ್ಕ ಕಾರ್ಯಕ್ರಮಕ್ಕೆಂದು ವಿದ್ಯಾರ್ಥಿಯೇ ಗಂಟುಮೂಟೆ ಕಟ್ಟಬೇಕಾಯಿತು.

ಹಾಗಿದ್ದೂ ಬಿಎ, ಬಿಕಾಂ, ಕನ್ನಡ ಎಂಎಗಳಲ್ಲಿ ಈ ಪದ್ಧತಿ ಗೆದ್ದಿತು ಎಂಬುದನ್ನು ಒಪ್ಪಲೇಬೇಕು. ಸಾವಿರಾರು ಪ್ರಾಥಮಿಕ ಶಾಲಾ ಶಿಕ್ಷಕರು, ಗುಮಾಸ್ತರು, ಮದುವೆಯಾಗಿ ಓದು ಬಿಟ್ಟಿದ್ದ ಹೆಂಗಸರು ಈ ದಾರಿಯಲ್ಲಿ ಪದವೀಧರರಾದರು, ಬಡ್ತಿ ಪಡೆದರು. ಏಕೆ ಗೆದ್ದಿತು ಎಂದು ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ ವಿದ್ಯಾರ್ಥಿಗಳ ಛಲ. ಛಲವಿತ್ತು, ಸಂದೇಹವಿಲ್ಲ. ಅದರ ಜೊತೆಗೆ, ಯಾರ ಲೆಕ್ಕಕ್ಕೂ ಬಾರದ ಇನ್ನೊಂದು ಸಂಗತಿಯೂ ಇತ್ತು. ಪಾಠ ಕನ್ನಡದಲ್ಲಿತ್ತು. ಅರ್ಥಶಾಸ್ತ್ರದ ಒಂದು ಕಂತು ತಿಳಿಯದಿದ್ದರೆ ಊರಿನ ಹೈಸ್ಕೂಲಿನ ಸಮಾಜ ವಿಜ್ಞಾನದ ಮೇಷ್ಟ್ರ ಮನೆಗೆ ಹೋಗಿ ಕೇಳಬಹುದಿತ್ತು. ಹಳಗನ್ನಡದ ಪದ್ಯ ಬಿಡಿಸಲು ಊರಲ್ಲೊಬ್ಬ ಕನ್ನಡ ಪಂಡಿತರಿದ್ದರು, ಗಮಕ ಬಲ್ಲವರಿದ್ದರು. ತಾಲ್ಲೂಕು ಕೇಂದ್ರದಲ್ಲಿ ಗ್ರಂಥಾಲಯವಿತ್ತು. ಹಿಂದಿನ ವರ್ಷ ಪರೀಕ್ಷೆ ಕಟ್ಟಿದ್ದವರ ನೋಟ್ಸು ಕೈಯಿಂದ ಕೈಗೆ ಬರುತ್ತಿತ್ತು. ಅಂದರೆ ಮೈಸೂರಿನಿಂದ ಬಂದ ಕಟ್ಟಿಗೆ ಜೀವ ತುಂಬುವ ಜನ, ಪುಸ್ತಕ, ಮಾತು ಎಲ್ಲವೂ ಆಸುಪಾಸಿನಲ್ಲಿ ಮೊದಲೇ ಇದ್ದವು. ವಿಶ್ವವಿದ್ಯಾನಿಲಯ ಅದನ್ನು ಕಟ್ಟಲಿಲ್ಲ, ಅದಕ್ಕೆ ಹಣ ಹಾಕಲಿಲ್ಲ. ಇದ್ದದ್ದು ಕಣ್ಣಿಗೆ ಬೀಳಲೂ ಇಲ್ಲ. ಮುಂದೆ ಆದ ತಪ್ಪಿನ ಬೇರು ಇರುವುದು ಇಲ್ಲಿ.

ಕಂಪ್ಯೂಟರ್ ಬಂದಾಗ ಹಳ್ಳಿಯ ಆಸುಪಾಸಿನಲ್ಲಿ ಅಂಥದ್ದೇನೂ ಇರಲಿಲ್ಲ. ಹೈಸ್ಕೂಲಿನ ಯಾವ ಮೇಷ್ಟ್ರೂ ಡೇಟಾಬೇಸ್ ಕಂಡವರಲ್ಲ. ಅದಕ್ಕಿಂತ ಮುಖ್ಯವಾದ ವ್ಯತ್ಯಾಸ ವಿಷಯದ ಸ್ವಭಾವದಲ್ಲೇ ಇದೆ. ದೊಡ್ಡ ಸಂಸ್ಥೆಗಳ ವೆಬ್ ಅಪ್ಲಿಕೇಶನ್ ಎಂದರೇನು ಎಂಬುದಕ್ಕೆ ನಮ್ಮ ರೈತರಿಗೆಲ್ಲ ಗೊತ್ತಿರುವ ಉದಾಹರಣೆ ಪಹಣಿ. ಪಹಣಿಗಳನ್ನು ಕಂಪ್ಯೂಟರಿಗೆ ತಂದ ‘ಭೂಮಿ’ ಯೋಜನೆ 2002ರ ಹೊತ್ತಿಗೆ ರಾಜ್ಯದ ಎಲ್ಲ ತಾಲ್ಲೂಕು ಕಚೇರಿಗಳಿಗೂ ಬಂದಿತ್ತು. ಹೊಳಲ್ಕೆರೆಯಲ್ಲೂ 15 ರೂಪಾಯಿ ಕೊಟ್ಟರೆ ಕಂಪ್ಯೂಟರ್ ಪಹಣಿ ಸಿಗತೊಡಗಿತು, ಗ್ರಾಮಲೆಕ್ಕಿಗರ ಕೈಬರಹದ ಪಹಣಿಯ ಕಾಲ ಮುಗಿಯಿತು. ಒಂದು ಖಾತೆ ಬದಲಾವಣೆಯ ಹಿಂದೆ ಏನೇನು ನಡೆಯುತ್ತದೆ ನೋಡಿ. ಅರ್ಜಿ ದಾಖಲಾಗುತ್ತದೆ, ನೋಟಿಸು ಹೊರಡುತ್ತದೆ, ತಕರಾರಿಗೆ ಅವಧಿ ಇರುತ್ತದೆ, ಒಬ್ಬ ಅಧಿಕಾರಿ ಪರಿಶೀಲಿಸುತ್ತಾರೆ, ಇನ್ನೊಬ್ಬರು ಬೆರಳಚ್ಚು ಕೊಟ್ಟು ಒಪ್ಪಿಗೆ ಹಾಕುತ್ತಾರೆ. ಒಂದೇ ಸರ್ವೆ ನಂಬರಿನ ಮೇಲೆ ಇಬ್ಬರು ಏಕಕಾಲಕ್ಕೆ ಕೈಯಾಡಿಸದಂತೆ ನೋಡಿಕೊಳ್ಳಬೇಕು. ಅರ್ಧದಲ್ಲಿ ಕರೆಂಟು ಹೋದರೆ ಹಳೆಯ ಮಾಲೀಕನ ಹೆಸರು ಅಳಿದು ಹೊಸಬನದು ಸೇರದೆ ಉಳಿಯುವಂತಾಗಬಾರದು. ಯಾರು ಯಾವಾಗ ಏನು ತಿದ್ದಿದರು ಎಂಬುದು ದಾಖಲಾಗಬೇಕು. ಲಾಗಿನ್, ಅಧಿಕಾರದ ಮಟ್ಟಗಳು, ವಹಿವಾಟಿನ ಭದ್ರತೆ ಎಂದು ಪಠ್ಯದಲ್ಲಿ ಬರುವುದೆಲ್ಲ ಇದೇ. ಇದನ್ನು ಓದಿ ಅರ್ಥಮಾಡಿಕೊಳ್ಳಬಹುದು, ಓದಿ ಕಲಿಯಲಾಗದು. ಸರ್ವರ್ ಓಡಿಸಬೇಕು, ಬೇಕೆಂದೇ ಅರ್ಧದಲ್ಲಿ ನಿಲ್ಲಿಸಬೇಕು, ಡೇಟಾಬೇಸಿನಲ್ಲಿ ಏನುಳಿಯಿತು ಎಂದು ತೆರೆದು ನೋಡಬೇಕು. ಇದೇ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರಿನಲ್ಲಿ ರೇಷ್ಮೆ ನೇಯುವವರು ಮಗ್ಗದ ಪಕ್ಕದಲ್ಲಿ ಕೂತು ಕಲಿತಂತೆ ಇದೂ ಯಂತ್ರದ ಪಕ್ಕದಲ್ಲಿ, ಬಲ್ಲವರ ಪಕ್ಕದಲ್ಲಿ ಕೂತು ಕಲಿಯುವ ವಿದ್ಯೆ. ಇಂಥ ತಂತ್ರಾಂಶದ ಉಪಯೋಗ ಹಳ್ಳಿಗೆ ಇಪ್ಪತ್ತು ವರ್ಷಗಳ ಹಿಂದೆಯೇ ತಲುಪಿದೆ. ಅದನ್ನು ಕಟ್ಟುವ ಕಲಿಕೆ ಇನ್ನೂ ಬರಬೇಕಾಗಿದೆ.

ಈ ತೊಡಕನ್ನು ಯಾರೂ ಮುಂಗಾಣಲು ಸಾಧ್ಯವಿರಲಿಲ್ಲ ಎನ್ನುವಂತಿಲ್ಲ. ಮೈಸೂರಿನಲ್ಲಿ ಅಂಚೆ ಶಿಕ್ಷಣ ಶುರುವಾದ 1969ರಲ್ಲೇ ಬ್ರಿಟನ್ನಿನ ಮುಕ್ತ ವಿಶ್ವವಿದ್ಯಾನಿಲಯಕ್ಕೂ ಸನ್ನದು ಸಿಕ್ಕಿತು. 1971ರಲ್ಲಿ ಅದರ ಪಾಠಗಳು ಆರಂಭವಾದವು. ಅದು ವಿಜ್ಞಾನದ ವಿದ್ಯಾರ್ಥಿಗಳ ಮನೆಗೆ ಪುಸ್ತಕದ ಜೊತೆ ಪ್ರಯೋಗದ ಪೆಟ್ಟಿಗೆಯನ್ನೇ ಕಳಿಸುತ್ತಿತ್ತು. ಅದರೊಳಗೆ ರಾಸಾಯನಿಕಗಳಿಂದ ಹಿಡಿದು ಪುಟ್ಟ ಸೂಕ್ಷ್ಮದರ್ಶಕದವರೆಗೆ ಇರುತ್ತಿತ್ತು. ಕಂಪ್ಯೂಟರ್ ಎಂದರೆ ಕೋಣೆ ತುಂಬುವ ಯಂತ್ರವಾಗಿದ್ದ ಆ ದಶಕದಲ್ಲಿ ಊರೂರಿನ ಅಧ್ಯಯನ ಕೇಂದ್ರಗಳಲ್ಲಿ ಟರ್ಮಿನಲ್‌ಗಳನ್ನು ಇಟ್ಟು, ಟೆಲಿಫೋನ್ ತಂತಿಯ ಮೇಲೆ ದೂರದ ಯಂತ್ರಕ್ಕೆ ಜೋಡಿಸಿತ್ತು. 1988ರಲ್ಲಿ ಕೆಲವು ಕೋರ್ಸ್‌ಗಳಿಗೆ ಸೇರುವವರ ಮನೆಯಲ್ಲಿ ಕಂಪ್ಯೂಟರ್ ಇರಲೇಬೇಕು ಎಂಬ ನೀತಿಯನ್ನು ತಂದು, ಅದನ್ನು ಹೊಂದಿಸಿಕೊಳ್ಳುವ ದಾರಿಗಳ ಬಗ್ಗೆಯೂ ಯೋಚಿಸಿತು. ಬ್ರಿಟನ್ ಶ್ರೀಮಂತ ದೇಶ, ಹೋಲಿಕೆ ಸಲ್ಲದು ಎಂದು ಹೇಳುವವರಿದ್ದಾರೆ. ಹಾಗಿದ್ದರೆ ನಮ್ಮ ದೇಶದ್ದೇ ಉದಾಹರಣೆ ಇದೆ. 1985ರಲ್ಲಿ ಸ್ಥಾಪನೆಯಾದ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯ, ಜನ ಇಗ್ನೋ ಎನ್ನುವುದು, ತನ್ನ ಬಿಸಿಎ, ಎಂಸಿಎಗಳಲ್ಲಿ ಥಿಯರಿ ತರಗತಿಯ ಹಾಜರಾತಿಗೆ ಒತ್ತಾಯ ಮಾಡದೆ, ಲ್ಯಾಬಿನ ಹಾಜರಾತಿಯನ್ನು ಮಾತ್ರ ಕಡ್ಡಾಯ ಮಾಡಿತು. ಪಾಠವನ್ನು ಮನೆಯಲ್ಲಿ ಓದಿಕೊಳ್ಳಿ, ಯಂತ್ರದ ಮುಂದೆ ಮಾತ್ರ ಬಂದು ಕೂರಿ ಎಂಬ ಈ ಒಂದು ನಿಯಮದಲ್ಲಿ ವಿಷಯದ ಸರಿಯಾದ ತಿಳಿವಳಿಕೆ ಇದೆ. ಅದರ ಎಂಸಿಎಯಲ್ಲಿ ಎಂಸಿಎಸ್–051 ಎಂಬ ಪತ್ರಿಕೆ ಇತ್ತು. ಸರ್ವ್‌ಲೆಟ್, ಜೆಎಸ್‌ಪಿ, ಎಕ್ಸ್‌ಎಂಎಲ್, ಎಂಟರ್‌ಪ್ರೈಸ್ ಜಾವಾ ಬೀನ್ಸ್ ಎಲ್ಲವನ್ನೂ ಅದು ಕಲಿಸುತ್ತಿತ್ತು. ಕೊರತೆ ಇದ್ದದ್ದು ಕೇಂದ್ರಗಳ ಹಂಚಿಕೆಯಲ್ಲಿ. ಕಡ್ಡಾಯ ಲ್ಯಾಬು ನಗರದಲ್ಲಿದ್ದಾಗ, ಬೆಳಗಿನ ಬಸ್ಸು ಹಿಡಿದು ಸಂಜೆಯ ಬಸ್ಸಿಗೆ ಮರಳಬೇಕಾದ ಊರಿನವರಿಗೆ ಆ ಒಳ್ಳೆಯ ನಿಯಮವೇ ಅಡ್ಡಗೋಡೆಯಾಗುತ್ತದೆ.

ಕರ್ನಾಟಕದ ಸ್ವಂತ ಕಥೆ ಇನ್ನೂ ನೋವಿನದು. ಮೈಸೂರಿನ ಅಂಚೆ ಶಿಕ್ಷಣ ಸಂಸ್ಥೆ 1996ರ ಜೂನ್ 1ರಿಂದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಎಲ್ಲರಿಗೂ, ಎಲ್ಲೆಡೆ ಉನ್ನತ ಶಿಕ್ಷಣ ಎಂಬುದು ಅದರ ಧ್ಯೇಯ. ಬೆಂಗಳೂರು ಸಾಫ್ಟ್‌ವೇರ್ ನಗರವಾಗಿ ಬೆಳೆಯುತ್ತಿದ್ದ ವರ್ಷಗಳವು. ಐಟಿ ಎಂಬ ಎರಡಕ್ಷರಕ್ಕೆ ಹಳ್ಳಿಹಳ್ಳಿಯಲ್ಲೂ ಬೆಲೆ ಬಂದಿತ್ತು. ಮುಕ್ತ ವಿವಿ ಮಾಹಿತಿ ತಂತ್ರಜ್ಞಾನದ ಪದವಿಗಳನ್ನು ಕೊಡಲು ಮುಂದಾದಾಗ ಲ್ಯಾಬಿನ ಪ್ರಶ್ನೆ ಎದುರಾಗಲೇಬೇಕಿತ್ತು. ಅದಕ್ಕೆ ಸಿಕ್ಕ ಉತ್ತರ ಶೈಕ್ಷಣಿಕ ಸಹಯೋಗ: ಖಾಸಗಿ ಸಂಸ್ಥೆಗಳು ಲ್ಯಾಬು, ಪಾಠ, ಪ್ರವೇಶ ನೋಡಿಕೊಳ್ಳುವುದು, ಪದವಿಯನ್ನು ವಿಶ್ವವಿದ್ಯಾನಿಲಯ ಕೊಡುವುದು. ಸಹಯೋಗ ರಾಜ್ಯದ ಗಡಿ ದಾಟಿತು, ದೇಶದ ಗಡಿಯನ್ನೂ ದಾಟಿತು. 2015ರ ಜೂನ್‌ನಲ್ಲಿ ವಿಶ್ವವಿದ್ಯಾನಿಲಯ ಅನುದಾನ ಆಯೋಗ, ಅಂದರೆ ಯುಜಿಸಿ, 2012–13ರ ನಂತರ ಈ ವಿವಿಯ ಕೋರ್ಸ್‌ಗಳಿಗೆ ಮಾನ್ಯತೆ ಇಲ್ಲವೆಂದು ಪ್ರಕಟಿಸಿತು. ರಾಜ್ಯದ ಹೊರಗೆ ಕೇಂದ್ರಗಳನ್ನು ನಡೆಸಿದ್ದು, ಖಾಸಗಿಯವರಿಗೆ ಕೋರ್ಸ್‌ಗಳನ್ನು ವಹಿಸಿದ್ದು, ಅನುಮತಿ ಇಲ್ಲದೆ ತಾಂತ್ರಿಕ ಕೋರ್ಸ್ ನಡೆಸಿದ್ದು ಆಯೋಗದ ಮುಖ್ಯ ತಕರಾರುಗಳಾಗಿದ್ದವು. ಆ ಹೊತ್ತಿಗೆ ಸೇರಿ, ಶುಲ್ಕ ಕಟ್ಟಿ, ಪರೀಕ್ಷೆ ಬರೆದಿದ್ದವರು ಅತಂತ್ರರಾದರು. ನ್ಯಾಯಾಲಯ, ಧರಣಿ, ಮನವಿ ಎಂದು ವರ್ಷಗಳು ಉರುಳಿದ ಮೇಲೆ 2018ರ ಆಗಸ್ಟ್‌ನಲ್ಲಿ ಮಾನ್ಯತೆ ಮರಳಿತು, ಅದೂ ಕೆಲವು ಕೋರ್ಸ್‌ಗಳಿಗೆ, ಮುಂದಿನ ವರ್ಷಗಳಿಗೆ ಮಾತ್ರ. ಇದರ ನಡುವೆ, 2017ರ ನವೆಂಬರ್ 3ರಂದು ಸುಪ್ರೀಂ ಕೋರ್ಟ್ ಒಡಿಶಾದಿಂದ ಬಂದ ಮೊಕದ್ದಮೆಯೊಂದರಲ್ಲಿ, ತಾಂತ್ರಿಕ ಶಿಕ್ಷಣವನ್ನು ನಿಯಂತ್ರಿಸುವ ಎಐಸಿಟಿಇಯ ಒಪ್ಪಿಗೆ ಇಲ್ಲದೆ ನಾಲ್ಕು ಡೀಮ್ಡ್ ವಿಶ್ವವಿದ್ಯಾನಿಲಯಗಳು ದೂರಶಿಕ್ಷಣದಲ್ಲಿ ಕೊಟ್ಟಿದ್ದ ಎಂಜಿನಿಯರಿಂಗ್ ಪದವಿಗಳನ್ನು ತಡೆಹಿಡಿಯಿತು, ಕೆಲವನ್ನು ರದ್ದು ಮಾಡಿತು. ಪ್ರಯೋಗಾಲಯವಿಲ್ಲದ ತಾಂತ್ರಿಕ ಶಿಕ್ಷಣವನ್ನು ಒಪ್ಪಲಾಗದು ಎಂಬ ಆತಂಕ ಆ ತೀರ್ಪಿನ ಉದ್ದಕ್ಕೂ ಇದೆ. ಯುಜಿಸಿ ಹೇಳಿದ್ದೂ ನ್ಯಾಯಾಲಯ ಹೇಳಿದ್ದೂ ಕೊನೆಗೆ ಒಂದೇ ಜಾಗಕ್ಕೆ ಬಂದು ನಿಲ್ಲುತ್ತವೆ: ಕಲಿಯುವವರ ಹತ್ತಿರ ಇರಬೇಕಾದದ್ದನ್ನು ವಿಶ್ವವಿದ್ಯಾನಿಲಯ ತಾನೇ ಕಟ್ಟಲಿಲ್ಲ.

ಇಲ್ಲಿ ಒಂದು ಗಟ್ಟಿಯಾದ ಆಕ್ಷೇಪವಿದೆ. ಆ ಖಾಸಗಿ ಕೇಂದ್ರಗಳು ಇಲ್ಲದಿದ್ದರೆ ಸಣ್ಣ ಊರುಗಳಿಗೆ ಕಂಪ್ಯೂಟರ್ ತಲುಪುತ್ತಲೇ ಇರಲಿಲ್ಲವಲ್ಲ? 2000ದ ಆಸುಪಾಸಿನಲ್ಲಿ ತಾಲ್ಲೂಕು ಕೇಂದ್ರದ ಬಸ್ ನಿಲ್ದಾಣದ ಹತ್ತಿರ, ಜೆರಾಕ್ಸ್ ಅಂಗಡಿಯ ಮೇಲ್ಮಹಡಿಯಲ್ಲಿ ಆರೇಳು ಯಂತ್ರ ಇಟ್ಟು ತರಬೇತಿ ಕೊಟ್ಟವರೇ ಒಂದು ತಲೆಮಾರಿಗೆ ಕೀಬೋರ್ಡ್ ಮುಟ್ಟಿಸಿದರು. ಟ್ಯಾಲಿ ಕಲಿಸಿದರು, ನುಡಿ, ಬರಹ ತಂತ್ರಾಂಶಗಳಲ್ಲಿ ಕನ್ನಡ ಟೈಪಿಂಗ್ ಕಲಿಸಿದರು. ಇದನ್ನು ನಾನು ಕೀಳಾಗಿ ಕಾಣುವುದಿಲ್ಲ. ಹತ್ತಿರದ ಜಾಗ ಎಷ್ಟು ಮುಖ್ಯ ಎಂಬ ನನ್ನ ವಾದಕ್ಕೇ ಅದು ಸಾಕ್ಷಿ. ತಪ್ಪು ಖಾಸಗಿಯವರು ಬಂದದ್ದರಲ್ಲಿಲ್ಲ. ನಷ್ಟದ ಹೊರೆ ಯಾರ ತಲೆಗೆ ಬಿತ್ತು ಎಂಬುದರಲ್ಲಿದೆ. ಕೇಂದ್ರ ಮುಚ್ಚಿದರೆ ಮಾಲೀಕ ಯಂತ್ರಗಳನ್ನು ಮಾರಿಕೊಂಡು ಹೋಗಬಹುದು, ವಿಶ್ವವಿದ್ಯಾನಿಲಯ ಮುಂದಿನ ವರ್ಷ ಬೇರೆ ಕೋರ್ಸ್ ತೆರೆಯಬಹುದು. ಮೂರು ವರ್ಷ ಕಳೆದುಕೊಂಡವರಿಗೆ ಅಂಥ ಎರಡನೆಯ ದಾರಿ ಇಲ್ಲ. ನಗರದ ವಿದ್ಯಾರ್ಥಿಗೆ ಒಂದು ಪದವಿ ಕೈಕೊಟ್ಟರೆ ಸಂಜೆ ಕಾಲೇಜಿದೆ, ಪರಿಚಯಸ್ಥರ ಶಿಫಾರಸಿದೆ. ಹಳ್ಳಿಯಿಂದ ದೂರಶಿಕ್ಷಣಕ್ಕೆ ಸೇರಿದವರು ಬೇರೆ ದಾರಿ ಇಲ್ಲದ್ದರಿಂದಲೇ ಅಲ್ಲಿಗೆ ಬಂದವರು. ಯಾರಿಗೆ ಸೋಲನ್ನು ತಡೆದುಕೊಳ್ಳುವ ಶಕ್ತಿ ಎಲ್ಲರಿಗಿಂತ ಕಡಿಮೆಯೋ ಅವರ ಮೇಲೇ ಅಪಾಯವನ್ನೆಲ್ಲ ಹೇರಿದ ವ್ಯವಸ್ಥೆಯಿದು.

ಇನ್ನೊಂದು ಆಕ್ಷೇಪ ಇವತ್ತಿನದು. ಈಗ ಇಂಟರ್ನೆಟ್ ಇದೆ, ಉಪಕರಣಗಳೆಲ್ಲ ಉಚಿತ, ಲ್ಯಾಪ್‌ಟಾಪೇ ಲ್ಯಾಬು. ಹತ್ತಿರದ ಕೇಂದ್ರವೆಂಬುದು ಹಳೆಯ ಕಾಲದ ಚಿಂತೆ ಎನ್ನುತ್ತಾರೆ. ಅರ್ಧ ನಿಜ. ಜಾವಾ ಉಚಿತ, ಡೇಟಾಬೇಸ್ ಉಚಿತ, ಸರ್ವರ್ ಉಚಿತ. ಬಾಡಿಗೆಯ ಕ್ಲೌಡ್ ಯಂತ್ರವೂ ಒಂದು ಮಿತಿಯವರೆಗೆ ಉಚಿತ. ದೂರಶಿಕ್ಷಣಕ್ಕೆ ಇಷ್ಟು ಒಗ್ಗುವ ತಾಂತ್ರಿಕ ವಿಷಯ ಮತ್ತೊಂದಿಲ್ಲ ಎಂದೂ ಹೇಳಬಹುದು, ಏಕೆಂದರೆ ಈ ಕೆಲಸವೇ ದೂರದಿಂದ ನಡೆಯುವಂಥದ್ದು. ಆದರೂ ಒಂದು ಚಿಕ್ಕ ಸಂಗತಿಯನ್ನು ಹತ್ತಿರದಿಂದ ನೋಡೋಣ. ಜಾವಾದಲ್ಲಿ ವೆಬ್ ಅಪ್ಲಿಕೇಶನ್ ಬರೆಯುವ ಸರ್ವ್‌ಲೆಟ್ ತಂತ್ರ ಬಂದದ್ದು 1997ರಲ್ಲಿ. 1999ರ ಡಿಸೆಂಬರ್‌ನಲ್ಲಿ ಜೆ2ಇಇ ಎಂಬ ಹೆಸರಿನಲ್ಲಿ ಇಡೀ ಚೌಕಟ್ಟು ಬಂದಿತು. ಅಂದಿನಿಂದ ಪಠ್ಯಗಳಲ್ಲೆಲ್ಲ ಪ್ರೋಗ್ರಾಂ ಶುರುವಾಗುತ್ತಿದ್ದದ್ದು ‘ಜಾವಾಎಕ್ಸ್ ಡಾಟ್ ಸರ್ವ್‌ಲೆಟ್’ ಎಂಬ ಹೆಸರಿನ ಸಾಲುಗಳಿಂದ. 2010ರಲ್ಲಿ ಜಾವಾ ಒರಾಕಲ್ ಕಂಪನಿಯ ಕೈಗೆ ಹೋಯಿತು. 2017ರಲ್ಲಿ ಈ ಚೌಕಟ್ಟನ್ನು ಎಕ್ಲಿಪ್ಸ್ ಪ್ರತಿಷ್ಠಾನಕ್ಕೆ ಒಪ್ಪಿಸಲು ಒರಾಕಲ್ ನಿರ್ಧರಿಸಿತು. ಆದರೆ ಹಳೆಯ ಹೆಸರನ್ನು ಮುಂದುವರಿಸಲು ಅನುಮತಿ ಸಿಗಲಿಲ್ಲ. 2020ರ ಕೊನೆಗೆ ಬಂದ ಆವೃತ್ತಿಯಲ್ಲಿ ‘ಜಾವಾಎಕ್ಸ್’ ಇದ್ದಲ್ಲೆಲ್ಲ ‘ಜಕಾರ್ತಾ’ ಆಯಿತು. ಟಾಮ್‌ಕ್ಯಾಟ್ ಎಂಬ ಉಚಿತ ಸರ್ವರಿನ ಒಂಬತ್ತನೆಯ ಆವೃತ್ತಿಯಲ್ಲಿ ಓಡುವ ಪುಸ್ತಕದ ಪ್ರೋಗ್ರಾಂ ಹತ್ತನೆಯದರಲ್ಲಿ ಓಡುವುದಿಲ್ಲ. ಬಲ್ಲವರಿಗೆ ಇದು ಎರಡು ನಿಮಿಷದ ಕೆಲಸ. ಅಚ್ಚಾದ ಪಠ್ಯವನ್ನು ನಂಬಿ, ಹೊಸ ಸರ್ವರ್ ಇಳಿಸಿಕೊಂಡು, ರಾತ್ರಿ ಹನ್ನೊಂದಕ್ಕೆ ಒಬ್ಬಳೇ ಕೂತವಳಿಗೆ ಪರದೆಯ ಮೇಲೆ ಪುಟ ಸಿಗಲಿಲ್ಲ ಎನ್ನುವ ‘404’ ಮಾತ್ರ ಕಾಣುತ್ತದೆ. ತಪ್ಪು ತನ್ನದೋ, ಪುಸ್ತಕದ್ದೋ, ಯಂತ್ರದ್ದೋ ತಿಳಿಯುವ ದಾರಿ ಅವಳಿಗಿಲ್ಲ. ತನ್ನದೇ ಇರಬೇಕು ಎಂದುಕೊಳ್ಳುತ್ತಾಳೆ. ಮೊದಲ ಪೀಳಿಗೆಯ ವಿದ್ಯಾರ್ಥಿಗಳು ಕಲಿಕೆ ಬಿಡುವುದು ಇಂಥ ಕ್ಷಣಗಳಲ್ಲಿ. ಇಗ್ನೋ 2021ರಲ್ಲಿ ಎಂಸಿಎಯನ್ನು ಎರಡು ವರ್ಷಕ್ಕೆ ಇಳಿಸಿ ಸ್ಪ್ರಿಂಗ್, ಹೈಬರ್ನೇಟ್ ಎಂಬ ಜಾವಾ ಚೌಕಟ್ಟುಗಳನ್ನು ಸೇರಿಸಿ ಪಠ್ಯವನ್ನು ಹೊಸದಾಗಿಸಿದ್ದು ಸ್ವಾಗತಾರ್ಹ. ಆದರೆ ಈ ಕ್ಷೇತ್ರದಲ್ಲಿ ಯಾವ ಪಠ್ಯವೂ ಅಚ್ಚಿನಿಂದ ಹೊರಬರುವ ಹೊತ್ತಿಗೆ ಹಳೆಯದಾಗತೊಡಗುತ್ತದೆ, ಆ ಬಿರುಕನ್ನು ಮುಚ್ಚಬಲ್ಲದ್ದು ಹತ್ತಿರದಲ್ಲಿರುವ ಮನುಷ್ಯ ಮಾತ್ರ.

ಉಚಿತ ಆನ್‌ಲೈನ್ ಪಾಠಗಳ ಅನುಭವವೂ ಇದನ್ನೇ ಹೇಳುತ್ತದೆ. ಹಾರ್ವರ್ಡ್ ಮತ್ತು ಎಂಐಟಿ ನಡೆಸಿದ ಆನ್‌ಲೈನ್ ಕೋರ್ಸ್‌ಗಳ ಅಂಕಿಅಂಶಗಳನ್ನು ಆಧರಿಸಿ 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಲೇಖನದ ಪ್ರಕಾರ, 2017–18ರಲ್ಲಿ ಸೇರಿದವರಲ್ಲಿ ಕೋರ್ಸ್ ಮುಗಿಸಿದವರು ಶೇಕಡಾ 3ರಷ್ಟು ಮಾತ್ರ. ಅವರು ಜಗತ್ತಿನ ಅತ್ಯುತ್ತಮ ಅಧ್ಯಾಪಕರ ಪಾಠ ಕೇಳಿದವರು. ಪಾಠದ ಗುಣಮಟ್ಟ ಅಲ್ಲಿ ಸಮಸ್ಯೆಯಾಗಿರಲಿಲ್ಲ. ನಮ್ಮಲ್ಲಿ 2017ರಲ್ಲಿ ಶುರುವಾದ ಸ್ವಯಂ, ಅದಕ್ಕೂ ಮುಂಚಿನ ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ವೇದಿಕೆಗಳಲ್ಲಿ ಒಳ್ಳೆಯ ಪಾಠಗಳಿವೆ. ಸ್ವಯಂಗಿಂತ ಬಹಳ ಹಿಂದೆ, 2004ರ ಸೆಪ್ಟೆಂಬರ್ 20ರಂದು ಇಸ್ರೋ ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹವನ್ನು ಹಾರಿಸಿತು. ಅದರ ಪ್ರಾಯೋಗಿಕ ಹಂತದಲ್ಲಿ ನಮ್ಮ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯವೂ ಪಾಲ್ಗೊಂಡಿತ್ತು. ಅಂಚೆ, ಉಪಗ್ರಹ, ಇಂಟರ್ನೆಟ್: ಪಾಠ ಸಾಗಿಸುವ ವಾಹನ ಮತ್ತೆ ಮತ್ತೆ ಬದಲಾಗಿದೆ, ಪ್ರತಿ ಸಲವೂ ಇನ್ನು ದೂರವೆಂಬುದೇ ಇರದು ಎಂಬ ಭರವಸೆ ಹುಟ್ಟಿದೆ. ಪಾಠವೇನೋ ತಲುಪಿತು. ತಲುಪಿದ ಮೇಲೆ ಅದರೊಡನೆ ಗುದ್ದಾಡಲು ಬೇಕಾದ ಯಂತ್ರ, ಜಾಗ, ಜೊತೆ, ಉತ್ತರ ಕೊಡುವವರು, ಇವೆಲ್ಲ ಮಾತ್ರ ವಿದ್ಯಾರ್ಥಿಯ ಸ್ವಂತ ಜವಾಬ್ದಾರಿಯಾಗಿಯೇ ಉಳಿದವು. ಹಳ್ಳಿಯಲ್ಲಿ ಇಂಟರ್ನೆಟ್ ಎಂದರೆ ಬಹುಮಟ್ಟಿಗೆ ಮೊಬೈಲ್. ಮೊಬೈಲಿನಲ್ಲಿ ಪಾಠ ನೋಡಬಹುದು, ನೂರಾರು ಕಡತಗಳ ಪ್ರೋಗ್ರಾಂ ಬರೆದು, ಪಕ್ಕದಲ್ಲಿ ಡೇಟಾಬೇಸ್ ಓಡಿಸಿ ತಪ್ಪು ಹುಡುಕುವುದು ಆಗದ ಮಾತು. ಇದರ ಮೇಲೆ ಭಾಷೆ. 1969ರ ಬಿಎ ಕನ್ನಡದಲ್ಲಿತ್ತು. ಕಂಪ್ಯೂಟರ್ ಪಠ್ಯ, ದೋಷದ ಸಂದೇಶ, ಪರಿಹಾರ ಎಲ್ಲವೂ ಇಂಗ್ಲಿಷ್. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಬಿಡಿಸಿ ಹೇಳುವವರೊಬ್ಬರು ಹಿಂದಿಗಿಂತ ಈಗ ಹೆಚ್ಚು ಅಗತ್ಯ.

ಹಳ್ಳಿಯಲ್ಲಿ ಕೂತು ಈ ವಿದ್ಯೆ ಸಾಧಿಸಲಾಗದು ಎಂದು ಯಾರಾದರೂ ಇದರಿಂದ ತೀರ್ಮಾನಿಸಿದರೆ ಅದು ತಪ್ಪು. ಚಿತ್ರದುರ್ಗ ತಾಲ್ಲೂಕಿನ ಸಿರಿಗೆರೆಯೇ ಅದಕ್ಕೆ ಉತ್ತರ. ಅಲ್ಲಿನ ತರಳಬಾಳು ಮಠದ ಡಾ. ಶಿವಮೂರ್ತಿ ಶಿವಾಚಾರ್ಯ ಸ್ವಾಮೀಜಿ ಪಾಣಿನಿಯ ಸೂತ್ರಗಳನ್ನು ಆಧರಿಸಿ ‘ಗಣಕಾಷ್ಟಾಧ್ಯಾಯೀ’ ಎಂಬ ಸಂಸ್ಕೃತ ತಂತ್ರಾಂಶ ರೂಪಿಸಿದರು. ಶರಣರ ವಚನಗಳನ್ನು ಹುಡುಕಿ ಓದುವ ವೆಬ್ ಮತ್ತು ಮೊಬೈಲ್ ತಂತ್ರಾಂಶಗಳೂ ಆ ಮಠದಿಂದ ಬಂದವು. ಪಟ್ಟಣವೂ ಅಲ್ಲದ ಊರಿನಲ್ಲಿ ಇದು ಸಾಧ್ಯವಾಯಿತು. ಸಾಧ್ಯವಾದದ್ದು ಅಲ್ಲಿ ಗ್ರಂಥ, ಯಂತ್ರ, ಬಿಡುವು, ಹತ್ತಾರು ವರ್ಷ ಬಾಳುವ ಒಂದು ಸಂಸ್ಥೆ ಎಲ್ಲವೂ ಒಂದೆಡೆ ಇದ್ದದ್ದರಿಂದ. ಅದೇ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ತನ್ನ ಎರಡನೆಯ ಆವರಣದಲ್ಲಿ ವಿಜ್ಞಾನ ಶಿಕ್ಷಕರನ್ನು ಕರೆಸಿ, ಅಲ್ಲೇ ಉಳಿಸಿಕೊಂಡು, ಪ್ರಯೋಗಗಳನ್ನು ಅವರ ಕೈಯಲ್ಲೇ ಮಾಡಿಸುತ್ತದೆ. ಪಾಠದ ವಿಡಿಯೋ ಕಳಿಸಿ ಸುಮ್ಮನಾಗಬಹುದಿತ್ತು, ಹಾಗೆ ಮಾಡಲಿಲ್ಲ.

ಯುಜಿಸಿ 2022ರ ಸೆಪ್ಟೆಂಬರ್‌ನಲ್ಲಿ ಮಾನ್ಯತೆ ಪಡೆದ ಸಂಸ್ಥೆಗಳ ದೂರಶಿಕ್ಷಣದ ಪದವಿ ರೆಗ್ಯುಲರ್ ಪದವಿಗೆ ಸಮ ಎಂದು ಮತ್ತೊಮ್ಮೆ ಸ್ಪಷ್ಟಪಡಿಸಿತು. ಸರ್ಕಾರಿ ನೇಮಕಾತಿಗೆ ಅದು ಮುಖ್ಯ, ಬಡ್ತಿಗೂ ಮುಖ್ಯ. ಹಿಂದೆ ಬಿಎ ಪಡೆದ ಶಿಕ್ಷಕರಿಗೆ ಅಷ್ಟು ಸಾಕಿತ್ತು ಕೂಡ, ಏಕೆಂದರೆ ಅವರ ಕೆಲಸ ಮೊದಲೇ ಕೈಯಲ್ಲಿತ್ತು. ಸಾಫ್ಟ್‌ವೇರ್ ಕೆಲಸ ಹುಡುಕಿ ಹೋಗುವವರ ಮುಂದೆ ಸಂದರ್ಶನದಲ್ಲಿ ಒಂದು ಯಂತ್ರ ಇಟ್ಟು, ಇದನ್ನು ಬರೆದು ತೋರಿಸಿ ಎನ್ನುತ್ತಾರೆ. ಅಲ್ಲಿ ಸಮಾನತೆಯ ಸುತ್ತೋಲೆ ನೆರವಿಗೆ ಬರದು. ಹಾಗಾಗಿ ಪ್ರಶ್ನೆ ಮತ್ತೆ ಹೊಳಲ್ಕೆರೆಗೇ ಮರಳುತ್ತದೆ. ಅಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು ರಾಜ್ಯ ಸರ್ಕಾರ ಅರಿವು ಕೇಂದ್ರಗಳೆಂದು ಕರೆದು ಕಂಪ್ಯೂಟರ್ ಇಡುವ ಕೆಲಸಕ್ಕೆ ಕೈಹಾಕಿದೆ. ಇಗ್ನೋ ಆಗಲಿ ರಾಜ್ಯ ಮುಕ್ತ ವಿವಿ ಆಗಲಿ ಕಂಪ್ಯೂಟರ್ ಕೋರ್ಸಿನ ಶುಲ್ಕದಲ್ಲಿ ಒಂದು ಪಾಲನ್ನು ಈ ಜಾಗಗಳಿಗೆ ಕಟ್ಟಿಡಬೇಕು. ಕಾಲೇಜಿನ ಲ್ಯಾಬನ್ನು ಸಂಜೆ ಮತ್ತು ಭಾನುವಾರ ತೆರೆದಿಡಲು ಒಬ್ಬರಿಗೆ ಸಂಬಳ, ಕರೆಂಟು ಹೋದಾಗ ನಡೆಯುವಷ್ಟು ಬ್ಯಾಟರಿ, ವರ್ಷಕ್ಕೊಮ್ಮೆ ಪಠ್ಯದ ಎಲ್ಲ ಪ್ರೋಗ್ರಾಂಗಳನ್ನೂ ಹೊಸ ಸರ್ವರಿನಲ್ಲಿ ಓಡಿಸಿ, ಓಡದ ಸಾಲುಗಳನ್ನು ಕನ್ನಡದಲ್ಲಿ ವಿವರಿಸಿ ಗೋಡೆಗೆ ಹಚ್ಚುವ ಬೋಧಕರೊಬ್ಬರು: ಇಷ್ಟಕ್ಕೆ ಉಪಗ್ರಹ ಬೇಕಿಲ್ಲ, ಹೊಸ ಕಾನೂನೂ ಬೇಕಿಲ್ಲ. ಈ ಖರ್ಚು ಯಾರ ಬಜೆಟ್ಟಿನಲ್ಲಿ ಸೇರಬೇಕು ಎಂಬುದನ್ನು ಉನ್ನತ ಶಿಕ್ಷಣ ಇಲಾಖೆಯೂ ಮುಕ್ತ ವಿಶ್ವವಿದ್ಯಾನಿಲಯವೂ ಕೂತು ತೀರ್ಮಾನಿಸಬೇಕಾಗಿದೆ. ಅದು ತೀರ್ಮಾನವಾಗುವ ತನಕ, ಪ್ರವೇಶದ ಜಾಹೀರಾತಿನಲ್ಲಿ ಆಯಾ ತಾಲ್ಲೂಕಿಗೆ ಅತಿ ಹತ್ತಿರದ ಲ್ಯಾಬು ಎಷ್ಟು ಕಿಲೋಮೀಟರಿನಲ್ಲಿದೆ, ವಾರಕ್ಕೆ ಎಷ್ಟು ಗಂಟೆ ತೆರೆದಿರುತ್ತದೆ ಎಂಬುದನ್ನು ಶುಲ್ಕದ ಪಕ್ಕದಲ್ಲೇ ಅಚ್ಚು ಹಾಕಿಸಬೇಕು. ಸೇರುವ ಮೊದಲು ಅದನ್ನು ತಿಳಿಯುವ ಹಕ್ಕು ಹೊರಕೆರೆದೇವರಪುರದವರಿಗಿದೆ.